ಪರಮಾಣುವಿನ ಕಾಂತಶಕ್ತಿಯನ್ನು ಅಳೆದ ಇಸಿಡೋರ್ ರಾಬಿ

ಇಡೀ ದಿನ ನಿಂತು ದುಡಿಯುವವನಿಗೆ ಸೊಂಟನೋವು, ಕುಳಿತು ಲೆಕ್ಕ ಬರೆಯುವವನಿಗೆ ಕುತ್ತಿಗೆನೋವು. ಇವೆರಡೂ ನಮ್ಮವರಿಗೆ ಹೊಸವಲ್ಲ. ಎಣ್ಣೆ ತಿಕ್ಕಿಸಿ, ಮಾತ್ರೆ ನುಂಗಿ, ಆಗಲೂ ನೋವು ತಗ್ಗದಿದ್ದರೆ ವೈದ್ಯರು ಎಂ. ಆರ್. ಐ. ಚಿತ್ರ ತೆಗೆಸಲು ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಕಿಸೆಯ ಕೀಲಿಕೈ, ಚಿಲ್ಲರೆ ಕಾಸು, ನಡುಪಟ್ಟಿ, ಕೈಗಡಿಯಾರ, ಕೊನೆಗೆ ಸೊಂಟದ ಉಡಿದಾರವನ್ನೂ ಬಿಚ್ಚಿಡಿಸಿ, ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಸುರಂಗದಂತಹ ಕೊಳವೆಯೊಳಕ್ಕೆ ಸರಿಸುತ್ತಾರೆ. ಒಳಗೆ ಯಾರೋ ಸುತ್ತಿಗೆಯಿಂದ ತಗಡು ಬಡಿಯುತ್ತಿರುವಂತೆ ಟಕಟಕ ಸದ್ದು. ಸ್ವಲ್ಪ ಹೊತ್ತು ಅಲುಗಾಡದೆ ಮಲಗಿದ್ದು ಹೊರಬಂದರೆ, ಮೈಗೆ ಕತ್ತಿ ಸೋಕದೆ, ಎಕ್ಸ್-ಕಿರಣ ತಾಗದೆ, ಬೆನ್ನೆಲುಬಿನ ನಡುವಣ ಮೆತ್ತೆಗಳೂ ನರಗಳೂ ಚಿತ್ರವಾಗಿ ಮೂಡಿರುತ್ತವೆ.

ಈ ಯಂತ್ರವನ್ನು ಕಟ್ಟಿದವರು ಒಬ್ಬರಲ್ಲ, ಹಲವರು. ಆದರೆ ಅದರ ತಾಯಿಬೇರನ್ನು ಅರಸುತ್ತಾ ಹೋದರೆ ನಾವು ಬಂದು ನಿಲ್ಲುವುದು ನ್ಯೂಯಾರ್ಕ್ ನಗರದ ಬಡವರ ಕೇರಿಯೊಂದರಲ್ಲಿ. ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು, ಕಡಲು ದಾಟಿ, ತಿಳಿಯದ ಭಾಷೆಯ ನಾಡಿಗೆ ಬಂದ ಕುಟುಂಬವೊಂದರ ಹುಡುಗನೇ ಮುಂದೆ ಪರಮಾಣುವಿನ ಒಡಲೊಳಗಿನ ಕಾಂತಶಕ್ತಿಯನ್ನು ಅಳೆದು, ನೊಬೆಲ್ ಬಹುಮಾನ ಪಡೆದು, ಜಗತ್ತಿನ ಮಹಾವಿಜ್ಞಾನಿಗಳಲ್ಲಿ ಒಬ್ಬನೆನಿಸಿದ ಇಸಿಡೋರ್ ರಾಬಿ. ಅಯಸ್ಕಾಂತದ ಬಲ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆಯಾಗಿರುವ ಏರುಪೇರಿನ ಕ್ಷೇತ್ರವೆಂಬುದು ಅವರ ಸಂಶೋಧನೆಯ ಮೊದಲ ದಿನದಿಂದಲೂ ಜೊತೆಗೇ ಇದ್ದ ವಿಷಯ. ಆ ಏರುಪೇರು ಕೆಲವರಿಗೆ ಸಾಧನವಾಯಿತು, ಕೆಲವರಿಗೆ ಕಂಟಕವಾಯಿತು, ಮತ್ತೆ ಸಾಧನವಾಯಿತು. ಆ ಕಥೆಯನ್ನು ಹೇಳಿದರೆ ರಾಬಿಯವರ ಬಾಳನ್ನೇ ಹೇಳಿದಂತೆ.

ಊರು ಬಿಟ್ಟ ಮನೆತನ

ರಾಬಿ ಹುಟ್ಟಿದುದು 1898ರ ಜುಲೈ 29ರಂದು, ರಿಮಾನುಫ್ ಎಂಬ ಸಣ್ಣ ಊರಿನಲ್ಲಿ. ಅದು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಗಲೀಷಿಯಾ ಪ್ರಾಂತಕ್ಕೆ ಸೇರಿತ್ತು; ಇಂದು ಪೋಲೆಂಡಿನಲ್ಲಿದೆ. ಮನೆಯವರು ಯೆಹೂದ್ಯರು, ಆಡುಮಾತು ಯಿಡ್ಡಿಷ್. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ತಂದೆ ಡೇವಿಡ್ ಒಬ್ಬನೇ ಅಮೆರಿಕಕ್ಕೆ ಹೊರಟುಹೋದನು. ಅಲ್ಲಿ ದುಡಿದು ಕೂಡಿಹಾಕಿದ ಹಣದಿಂದ ಮಡದಿ ಮಗುವನ್ನು ಕರೆಸಿಕೊಂಡನು. ಮೊದಲು ಗಂಡಸು ಹೋಗುವುದು, ನೆಲೆ ಕಂಡಮೇಲೆ ಸಂಸಾರವನ್ನು ಕರೆಸುವುದು, ಈ ರೀತಿ ನಮ್ಮವರಿಗೆ ವಿವರಿಸಿ ಹೇಳಬೇಕಾದುದಲ್ಲ.

ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಕೇರಿಯಲ್ಲಿ ಎರಡು ಕೋಣೆಯ ಬಿಡಾರ ಅವರದು. ತಂದೆಗೆ ಕೈಯಲ್ಲಿ ಯಾವ ಕಸಬೂ ಇರಲಿಲ್ಲ. ಮಂಜುಗಡ್ಡೆ ಹೊತ್ತು ಮನೆಮನೆಗೆ ಮುಟ್ಟಿಸಿದನು, ರಾತ್ರಿ ಕಾವಲುಗಾರನಾದನು, ಗಾಳಿ ಬೆಳಕಿಲ್ಲದ ಹೊಲಿಗೆಯ ಕಾರ್ಖಾನೆಯಲ್ಲಿ ಹೆಂಗಸರ ರವಿಕೆಗಳನ್ನು ಹೊಲಿದನು. 1907ರಲ್ಲಿ ಕುಟುಂಬವು ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಬಡಾವಣೆಗೆ ಸಾಗಿ ಸಣ್ಣದೊಂದು ಕಿರಾಣಿ ಅಂಗಡಿಯನ್ನು ತೆರೆಯಿತು.

ಹುಡುಗನ ಹೆಸರು ಕೂಡ ವಲಸೆಯ ಗುರುತನ್ನು ಹೊತ್ತಿದೆ. ತಂದೆತಾಯಿ ಇಟ್ಟ ಹೆಸರು ಇಸ್ರೇಲ್. ಮನೆಯಲ್ಲಿ ಕರೆಯುತ್ತಿದ್ದುದು ಇಝಿ ಎಂದು. ಶಾಲೆಗೆ ಸೇರಿಸುವಾಗ ತಾಯಿ ಇಝಿ ಎಂದೇ ಹೇಳಲು, ಬರೆದುಕೊಂಡವರು ಅದನ್ನು ಇಸಿಡೋರ್ ಎಂಬುದರ ಮೊಟಕು ರೂಪವೆಂದು ತಿಳಿದು ಹಾಗೆಯೇ ದಾಖಲಿಸಿದರು. ಆ ತಪ್ಪೇ ಜಗತ್ಪ್ರಸಿದ್ಧ ಹೆಸರಾಯಿತು.

ತಾಯಿಯ ವಿಷಯವಾಗಿ ರಾಬಿಯವರು ಮುಂದೆ ಹೇಳಿಕೊಂಡ ಒಂದು ಸಂಗತಿ ಉಂಟು. ಕೇರಿಯ ಇತರ ತಾಯಂದಿರು ಶಾಲೆಯಿಂದ ಬಂದ ಮಕ್ಕಳನ್ನು ಇಂದು ಏನು ಕಲಿತೆಯೆಂದು ಕೇಳುತ್ತಿದ್ದರಂತೆ. ತಮ್ಮ ತಾಯಿ ಮಾತ್ರ ಇಂದು ಒಳ್ಳೆಯದೊಂದು ಪ್ರಶ್ನೆಯನ್ನು ಕೇಳಿದೆಯಾ ಎಂದು ವಿಚಾರಿಸುತ್ತಿದ್ದಳಂತೆ. ತಾವು ವಿಜ್ಞಾನಿಯಾದುದಕ್ಕೆ ಆ ಅಭ್ಯಾಸವೇ ಕಾರಣವೆಂದು ಅವರು ನಂಬಿದ್ದರು.

ಬ್ರೂಕ್ಲಿನ್ನಿನ ಸಾರ್ವಜನಿಕ ಪುಸ್ತಕಾಲಯದಲ್ಲಿ ಹುಡುಗನಿಗೆ ಖಗೋಳಶಾಸ್ತ್ರದ ಒಂದು ಪುಸ್ತಕ ಸಿಕ್ಕಿತು. ಸೂರ್ಯನ ಸುತ್ತ ಗ್ರಹಗಳು ಸುತ್ತುತ್ತವೆ, ಋತುಗಳು ಹೀಗೆ ಬದಲಾಗುತ್ತವೆ ಎಂಬುದನ್ನು ಓದಿದೊಡನೆ ಅವನ ಮನಸ್ಸಿನಲ್ಲಿ ಹೊಸ ಲೋಕ ತೆರೆಯಿತು. ಮಡಿವಂತರಾದ ತಂದೆತಾಯಿಗಳ ಮುಂದೆ ತನ್ನ ಹೊಸ ತಿಳಿವಳಿಕೆಯನ್ನು ಧೈರ್ಯವಾಗಿ ಹೇಳಿಯೂ ಬಿಟ್ಟನು. ಹದಿಮೂರನೆಯ ವಯಸ್ಸಿನಲ್ಲಿ ಯೆಹೂದ್ಯರ ಮಕ್ಕಳಿಗೆ ನಡೆಯುವ ಬಾರ್ ಮಿಟ್ಜ್‌ವಾ ಸಂಸ್ಕಾರದಂದು, ನೆರೆದ ನೆಂಟರಿಷ್ಟರಿಗೆ ಧರ್ಮಗ್ರಂಥದ ವ್ಯಾಖ್ಯಾನಕ್ಕೆ ಬದಲಾಗಿ ವಿದ್ಯುದ್ದೀಪ ಹೇಗೆ ಉರಿಯುತ್ತದೆಂಬುದನ್ನು ಯಿಡ್ಡಿಷ್ ಭಾಷೆಯಲ್ಲಿ ವಿವರಿಸಿದನು. ಆಗಲೇ ಅವನಿಗೆ ತಂತಿಯಿಲ್ಲದ ತಂತಿಸಂದೇಶದ ಹುಚ್ಚು ಹಿಡಿದಿತ್ತು. ರೇಡಿಯೋ ಸಲಕರಣೆಗಳನ್ನು ತಾನೇ ಕಟ್ಟುತ್ತಿದ್ದನು. ಅವುಗಳ ಒಂದು ಭಾಗವನ್ನು ಕುರಿತು ಅವನು ಬರೆದ ಸಣ್ಣ ಲೇಖನ, ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವಾಗಲೇ, ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಈ ರೇಡಿಯೋ ಹುಚ್ಚನ್ನು ವಾಚಕರು ನೆನಪಿನಲ್ಲಿಡಬೇಕು. ಇಪ್ಪತ್ತೈದು ವರ್ಷಗಳ ತರುವಾಯ ಅದು ದೊಡ್ಡ ಫಲ ಕೊಟ್ಟಿತು.

ಅಲೆದಾಟದ ವರ್ಷಗಳು

1916ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ರಾಬಿ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದರು. ಮೊದಲು ವಿದ್ಯುತ್ ಇಂಜಿನಿಯರಿಂಗ್ ಹಿಡಿದು, ಬಿಟ್ಟು, ರಸಾಯನಶಾಸ್ತ್ರದಲ್ಲಿ 1919ರಲ್ಲಿ ಪದವಿ ಪಡೆದರು. ಪದವಿ ಬಂದಿತು, ಕೆಲಸ ಬರಲಿಲ್ಲ. ಯೆಹೂದ್ಯರಿಗೆ ಕಾರ್ಖಾನೆಗಳಲ್ಲಾಗಲಿ ವಿಶ್ವವಿದ್ಯಾಲಯಗಳಲ್ಲಾಗಲಿ ಬಾಗಿಲು ಸುಲಭವಾಗಿ ತೆರೆಯುತ್ತಿರದ ಕಾಲವದು. ಸ್ವಲ್ಪ ಕಾಲ ಒಂದು ಪ್ರಯೋಗಶಾಲೆಯಲ್ಲಿದ್ದರು. ಇನ್ನು ಸ್ವಲ್ಪ ಕಾಲ ಲೆಕ್ಕಪತ್ರ ಬರೆಯುವ ಗುಮಾಸ್ತರಾಗಿದ್ದರು. ಮೂರು ವರ್ಷಗಳು ಹೀಗೆ ಕಳೆದವು. ಕೊನೆಗೆ, ರಸಾಯನಶಾಸ್ತ್ರದಲ್ಲಿ ತಮಗೆ ಪ್ರಿಯವಾದ ಭಾಗದ ನಿಜವಾದ ಹೆಸರು ಭೌತಶಾಸ್ತ್ರವೆಂಬುದು ಅವರಿಗೆ ಮನದಟ್ಟಾಯಿತು. 1922ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕಾರ್ನೆಲ್‌ಗೆ ಹೋದರು. ಮರುವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಹೊಟ್ಟೆಪಾಡಿಗೆ ಸಿಟಿ ಕಾಲೇಜಿನಲ್ಲಿ ಪಾಠ ಹೇಳುವುದು, ಉಳಿದ ವೇಳೆಯಲ್ಲಿ ಸಂಶೋಧನೆ, ಹೀಗೆ ದಿನಗಳು ಸಾಗಿದವು.

ಅವರು ಆರಿಸಿಕೊಂಡ ವಿಷಯ ಹರಳುಗಳ ಕಾಂತಗುಣ. ಅದನ್ನು ಅಳೆಯುವ ಅಂದಿನ ವಿಧಾನ ಬಹಳ ತ್ರಾಸದ್ದು. ಹರಳನ್ನು ಕ್ಲಿಷ್ಟವಾಗಿ ಕತ್ತರಿಸಿ ಉಜ್ಜಿ, ಏರುಪೇರಾದ ಕಾಂತಕ್ಷೇತ್ರದಲ್ಲಿ ತೂಗುಹಾಕಿ, ಅದು ಎಷ್ಟು ಬಲದಿಂದ ಸೆಳೆಯಲ್ಪಡುತ್ತದೆಂದು ತೂಗಬೇಕು. ಅದರೊಂದಿಗೆ ಕ್ಷೇತ್ರದ ಏರುಪೇರನ್ನೂ ಬಿಂದು ಬಿಂದುವಿನಲ್ಲಿ ಅಳೆಯಬೇಕು. ರಾಬಿಯವರಿಗೆ ಈ ಗೋಜು ಹಿಡಿಸಲಿಲ್ಲ. ಅವರ ಉಪಾಯ ಅಡಿಗೆಯವರಿಗೆ ಒಡನೆಯೇ ತಿಳಿಯುವಂತಹುದು. ಆಲೂಗಡ್ಡೆ ಸಪ್ಪೆ ನೀರಿನಲ್ಲಿ ಮುಳುಗುತ್ತದೆ. ನೀರಿಗೆ ಉಪ್ಪು ಬೆರೆಸುತ್ತಾ ಹೋದರೆ ಒಂದು ಹದದಲ್ಲಿ ಅದು ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ. ಆಗ ಆಲೂಗಡ್ಡೆಯನ್ನು ತೂಗಬೇಕಾಗಿಲ್ಲ. ಉಪ್ಪುನೀರಿನ ಸಾಂದ್ರತೆಯನ್ನು ಅಳೆದರೆ ಸಾಕು. ಹಾಗೆಯೇ ರಾಬಿಯವರು ಹರಳನ್ನು ಕಾಂತಗುಣವುಳ್ಳ ಲವಣದ ದ್ರಾವಣದಲ್ಲಿ ತೂಗುಬಿಟ್ಟು, ದ್ರಾವಣದ ಹದವನ್ನು ಬದಲಿಸುತ್ತಾ ಹೋದರು. ಅಯಸ್ಕಾಂತವನ್ನು ಚಾಲೂ ಮಾಡಿದಾಗ ಹರಳು ಅತ್ತಿತ್ತ ಕದಲದಿದ್ದರೆ, ಹರಳಿನ ಕಾಂತಗುಣವೂ ದ್ರಾವಣದ ಕಾಂತಗುಣವೂ ಸಮವೆಂದಾಯಿತು. ಕ್ಷೇತ್ರದ ಏರುಪೇರು ಎಷ್ಟೆಂಬುದು ತಿಳಿಯಬೇಕಾಗಿಯೇ ಇಲ್ಲ!

1926ರ ಜುಲೈ ತಿಂಗಳಲ್ಲಿ ಈ ಪ್ರಬಂಧವನ್ನು ಪತ್ರಿಕೆಗೆ ಕಳುಹಿಸಿದ ಮರುದಿನವೇ ಅವರು ಹೆಲೆನ್ ನ್ಯೂಮಾರ್ಕ್ ಎಂಬಾಕೆಯನ್ನು ಮದುವೆಯಾದರು. ಪ್ರಬಂಧಕ್ಕೆ ಅಮೆರಿಕದಲ್ಲಿ ಹೆಚ್ಚಿನ ಗಮನ ದೊರೆಯಲಿಲ್ಲ. ಅದನ್ನು ಗಮನವಿಟ್ಟು ಓದಿ, ತಮ್ಮ ಹರಳುಗಳ ಅಧ್ಯಯನದಲ್ಲಿ ಬಳಸಿದವರು ನಮ್ಮ ದೇಶದ ಕೆ. ಎಸ್. ಕೃಷ್ಣನ್, ಸಿ. ವಿ. ರಾಮನ್ನರ ಜೊತೆಯಲ್ಲಿ ಬೆಳಕಿನ ಚದರಿಕೆಯನ್ನು ಸಂಶೋಧಿಸಿದ ಅದೇ ಕೃಷ್ಣನ್.

ಹ್ಯಾಂಬರ್ಗಿನ ಪಾಠ

1927ರಲ್ಲಿ ಡಾಕ್ಟರ್ ಪದವಿ ಮುಗಿಸಿ ರಾಬಿ ಯೂರೋಪಿಗೆ ಹೊರಟರು. ಹೊಸ ಕ್ವಾಂಟಮ್ ಸಿದ್ಧಾಂತ ಹುಟ್ಟಿ ಬೆಳೆಯುತ್ತಿದ್ದ ನೆಲವದು. ಮ್ಯೂನಿಕ್‌ನಲ್ಲಿ ಸೊಮ್ಮರ್‌ಫೆಲ್ಡ್, ಕೋಪನ್‌ಹೇಗನ್ನಿನಲ್ಲಿ ಬೋರ್, ಹ್ಯಾಂಬರ್ಗಿನಲ್ಲಿ ಪೌಲಿ, ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗ್, ಇಂತಹವರ ಬಳಿ ಎರಡು ವರ್ಷ ಕಲಿತರು. ಆದರೆ ಅವರ ಬಾಳಿಗೆ ತಿರುವು ಕೊಟ್ಟವರು ಹ್ಯಾಂಬರ್ಗಿನ ಆಟೋ ಸ್ಟರ್ನ್.

1922ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನರೂ ವಾಲ್ಟರ್ ಗೆರ್ಲಾಖರೂ ಕೂಡಿ ಪ್ರಸಿದ್ಧವಾದ ಪ್ರಯೋಗವನ್ನು ನಡೆಸಿದ್ದರು. ಬೆಳ್ಳಿಯ ಪರಮಾಣುಗಳ ತೆಳುವಾದ ಧಾರೆಯನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಹರಿಸಿ, ಅಯಸ್ಕಾಂತದ ತುದಿಗಳ ನಡುವೆ ಹಾಯಿಸಿದರು. ಎಲ್ಲೆಡೆ ಸಮನಾದ ಕ್ಷೇತ್ರವಾಗಿದ್ದರೆ ಪರಮಾಣುವೆಂಬ ಪುಟ್ಟ ಅಯಸ್ಕಾಂತದ ಎರಡು ತುದಿಗಳಿಗೂ ಸಮಾನವಾದ ವಿರುದ್ಧ ಸೆಳೆತ ಬಿದ್ದು, ಅದು ದಾರಿ ಬಿಟ್ಟು ಸರಿಯುತ್ತಿರಲಿಲ್ಲ. ಆದುದರಿಂದ ಅವರು ಬೇಕೆಂದೇ ಏರುಪೇರಿನ ಕ್ಷೇತ್ರವನ್ನು ನಿರ್ಮಿಸಿದರು. ಧಾರೆಯು ಎರಡಾಗಿ ಸೀಳಿತು. ಪರಮಾಣುವಿನ ಕಾಂತಶಕ್ತಿಯು ಮನಬಂದ ದಿಕ್ಕಿಗೆ ನಿಲ್ಲದೆ ಕೆಲವೇ ನಿಯತ ದಿಕ್ಕುಗಳಲ್ಲಿ ನಿಲ್ಲುತ್ತದೆಂಬುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ.

ಸ್ಟರ್ನರ ಪ್ರಯೋಗದಲ್ಲಿಯೂ ಹಳೆಯ ತೊಡಕೇ ಇತ್ತು. ಏರುಪೇರನ್ನು ನಿಖರವಾಗಿ ಅಳೆಯುವುದು ಕಷ್ಟ. ಅದು ಸರಿಯಾಗಿ ತಿಳಿಯದೆ ಪರಮಾಣುವಿನ ಕಾಂತಶಕ್ತಿಯನ್ನು ನಿಖರವಾಗಿ ಹೇಳುವಂತಿಲ್ಲ. ಹೊಸಬರಾದ ರಾಬಿ ಇಲ್ಲಿಯೂ ಅಡ್ಡದಾರಿ ಕಂಡುಹಿಡಿದರು. ಓರೆಯಾಗಿ ಬಿದ್ದ ಬೆಳಕು ನೀರನ್ನು ಹೊಗುವಾಗ ಬಾಗುವಂತೆ, ಪರಮಾಣುಗಳ ಧಾರೆಯನ್ನು ಸಮನಾದ ಕ್ಷೇತ್ರದೊಳಕ್ಕೆ ಓರೆಯಾಗಿ ಬಿಟ್ಟರೆ ಅಂಚಿನಲ್ಲಿಯೇ ಅದು ಬಾಗುತ್ತದೆ. ಸಮಕ್ಷೇತ್ರದ ಬಲವನ್ನು ಅಳೆಯುವುದು ಸುಲಭ. ಸ್ಟರ್ನರ ಪ್ರೋತ್ಸಾಹದಿಂದ ಅವರೇ ಪ್ರಯೋಗ ನಡೆಸಿ ಗೆದ್ದರು. ಸಿದ್ಧಾಂತ ಕಲಿಯಲು ಹೋದವರು ಪ್ರಯೋಗಕಾರರಾಗಿ ಮರಳಿದರು.

ಹೈಸೆನ್‌ಬರ್ಗರ ಶಿಫಾರಸಿನಿಂದ 1929ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ರಾಬಿಯವರಿಗೆ ಅಧ್ಯಾಪಕ ಪದವಿಯನ್ನು ಕೊಟ್ಟಿತು. ಅಲ್ಲಿನ ಭೌತಶಾಸ್ತ್ರ ವಿಭಾಗದಲ್ಲಿ ಅವರೇ ಮೊದಲನೆಯ ಯೆಹೂದ್ಯ ಅಧ್ಯಾಪಕರು. ಅವರ ಉಪನ್ಯಾಸ ಯಾರಿಗೂ ಅರ್ಥವಾಗುತ್ತಿರಲಿಲ್ಲವೆಂದು ಶಿಷ್ಯರೇ ಹೇಳಿದ್ದಾರೆ. ಆದರೂ ಆ ಶಿಷ್ಯರು ಅವರನ್ನು ಬಿಟ್ಟುಹೋಗಲಿಲ್ಲ. ಯಾವ ಪ್ರಶ್ನೆ ಕೇಳುವುದಕ್ಕೆ ಯೋಗ್ಯ, ಯಾವುದು ಅಲ್ಲ ಎಂಬುದನ್ನು ಅವರ ಸಂಗದಲ್ಲಿ ಕಲಿಯಬಹುದಾಗಿತ್ತು.

ಮೂರು ಅಯಸ್ಕಾಂತಗಳು

ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ದಿನಗಳವು, ಹಣಕ್ಕೆ ತತ್ವಾರ. ಸಹೋದ್ಯೋಗಿ ಹೆರಾಲ್ಡ್ ಯೂರಿ, 1934ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು, ತಮಗೆ ದೊರೆತ ಸಂಶೋಧನಾ ಧನದಲ್ಲಿ ಒಂದು ಪಾಲನ್ನು ರಾಬಿಯವರಿಗೆ ಕೊಟ್ಟು ಪ್ರಯೋಗಶಾಲೆಯನ್ನು ಉಳಿಸಿದರು. ಅಲ್ಲಿ ಅವರು ಹಿಡಿದ ಗುರಿ ಪರಮಾಣುವಿಗಿಂತಲೂ ಒಳಗಿನದು. ಪರಮಾಣುವಿನ ನಟ್ಟನಡುವಣ ನ್ಯೂಕ್ಲಿಯಸ್, ಅಂದರೆ ಬೀಜ, ತಾನೂ ಒಂದು ಅಯಸ್ಕಾಂತವೇ. ಆದರೆ ಅದರ ಶಕ್ತಿ ಇಲೆಕ್ಟ್ರಾನಿನದಕ್ಕಿಂತ ಸಾವಿರಾರು ಪಾಲು ಕಡಿಮೆ. ಅಷ್ಟು ಅಲ್ಪವಾದುದನ್ನು ಅಳೆಯುವುದೆಂತು?

ಕಾಂತಕ್ಷೇತ್ರದಲ್ಲಿಟ್ಟ ಬೀಜವು ಬುಗುರಿಯಂತೆ ಓಲಾಡುತ್ತಾ ಸುತ್ತುತ್ತದೆ. ಕ್ಷೇತ್ರ ಬಲವಾದಷ್ಟೂ ಸುತ್ತಿನ ವೇಗ ಹೆಚ್ಚು. ಹಾಲೆಂಡಿನ ಸಿ. ಜೆ. ಗೋರ್ಟರ್ ಎಂಬ ವಿಜ್ಞಾನಿ 1936ರಲ್ಲಿ ರೇಡಿಯೋ ಅಲೆಗಳಿಂದ ಈ ಬೀಜಗಳನ್ನು ತಟ್ಟಿ ನೋಡಲು ಯತ್ನಿಸಿ ಸೋತಿದ್ದರು. 1937ರ ಸೆಪ್ಟೆಂಬರಿನಲ್ಲಿ ಅವರು ನ್ಯೂಯಾರ್ಕಿಗೆ ಬಂದು ತಮ್ಮ ಪ್ರಯತ್ನವನ್ನು ರಾಬಿಯವರಿಗೆ ತಿಳಿಸಿದರು. ಬಾಲ್ಯದಲ್ಲಿ ರೇಡಿಯೋ ಕಟ್ಟಿದ ಕೈಗೆ ಈ ಸೂಚನೆ ಸಾಕಾಯಿತು. ಕೆಲವೇ ತಿಂಗಳಲ್ಲಿ ಜಕರಿಯಾಸ್, ಮಿಲ್‌ಮನ್, ಕುಶ್ ಎಂಬ ಜೊತೆಗಾರರೊಡನೆ ರಾಬಿಯವರು ಹೊಸ ಉಪಕರಣವನ್ನು ಸಿದ್ಧಪಡಿಸಿದರು.

ಅದರಲ್ಲಿ ಮೂರು ಅಯಸ್ಕಾಂತಗಳು ಸಾಲಾಗಿದ್ದವು. ಮೊದಲನೆಯದು ಏರುಪೇರಿನದು, ಅದು ಅಣುಗಳ ಧಾರೆಯನ್ನು ಒಂದು ಪಕ್ಕಕ್ಕೆ ಬಾಗಿಸುತ್ತದೆ. ಕೊನೆಯದೂ ಏರುಪೇರಿನದೇ, ಆದರೆ ತಿರುವುಮುರುವು. ಅದು ಧಾರೆಯನ್ನು ಹಿಂದಕ್ಕೆಳೆದು ಸರಿಯಾಗಿ ಗುರಿಗೆ ಮುಟ್ಟಿಸುತ್ತದೆ. ನಡುವಣದು ಸಮಕ್ಷೇತ್ರ, ಅಲ್ಲಿ ರೇಡಿಯೋ ಅಲೆಯನ್ನು ಹಾಯಿಸಿದರು. ಬೀಜ ಸುತ್ತುವ ವೇಗವೂ ರೇಡಿಯೋ ಅಲೆಯ ಕಂಪನವೂ ಒಂದಾದ ಗಳಿಗೆಯಲ್ಲಿ ಬೀಜವು ಮಗುಚಿಕೊಳ್ಳುತ್ತದೆ. ಮಗುಚಿದ ಬೀಜವನ್ನು ಕೊನೆಯ ಅಯಸ್ಕಾಂತ ತಪ್ಪು ದಿಕ್ಕಿಗೆ ಎಳೆಯುತ್ತದೆ. ಅದು ಗುರಿ ಮುಟ್ಟುವುದಿಲ್ಲ. ನಡುವಣ ಕ್ಷೇತ್ರದ ಬಲವನ್ನು ಮೆಲ್ಲನೆ ಬದಲಿಸುತ್ತಾ ಹೋದಾಗ, ಒಂದು ಜಾಗದಲ್ಲಿ ಗುರಿ ಮುಟ್ಟುವ ಅಣುಗಳ ಎಣಿಕೆ ತಟ್ಟನೆ ಇಳಿಯಿತು. ಆ ಇಳಿತವೇ ಬೀಜದ ಕಾಂತಶಕ್ತಿಯ ಅಳತೆ. ತಂಬೂರಿಯ ಒಂದು ತಂತಿ ಮಿಡಿದಾಗ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ಮಿಡಿಯುವಂತಹ ಈ ಗುಣಕ್ಕೆ ಅನುರಣನವೆಂದು ಹೆಸರು. ಎಂ. ಆರ್. ಐ. ಎಂಬುದರ ನಡುವಣ ಅಕ್ಷರ ಇದನ್ನೇ ಸೂಚಿಸುತ್ತದೆ.

ಏರುಪೇರಿನ ಕ್ಷೇತ್ರವನ್ನು ಧಾರೆಯ ದಾರಿ ತೋರುವ ಕೆಲಸಕ್ಕೆ, ಸಮಕ್ಷೇತ್ರವನ್ನು ಅಳತೆಯ ಕೆಲಸಕ್ಕೆ, ಹೀಗೆ ಎರಡನ್ನೂ ಅವುಗಳ ಜಾಗದಲ್ಲಿರಿಸಿದುದೇ ರಾಬಿಯವರ ಜಾಣ್ಮೆ. 1938ರಲ್ಲಿ ಈ ವಿಧಾನವು ಪ್ರಕಟವಾಯಿತು. 1944ರ ಭೌತಶಾಸ್ತ್ರದ ನೊಬೆಲ್ ಬಹುಮಾನವು ಅವರೊಬ್ಬರಿಗೇ ಸಂದಿತು.

ಯುದ್ಧ ಮತ್ತು ವಿವೇಕ

ಬಹುಮಾನ ಬಂದಾಗ ರಾಬಿಯವರು ಯುದ್ಧಕಾರ್ಯದಲ್ಲಿದ್ದರು. 1940ರಿಂದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೇಡಾರ್ ಯಂತ್ರಗಳ ಅಭಿವೃದ್ಧಿಗೆ ದುಡಿದರು. ಪರಮಾಣು ಬಾಂಬಿನ ಕೆಲಸಕ್ಕೆ ಲಾಸ್ ಅಲಮೋಸ್‌ನಲ್ಲಿ ತಮ್ಮ ಸಹಾಯಕ ನಿರ್ದೇಶಕರಾಗಬೇಕೆಂದು ಗೆಳೆಯ ಆಪನ್‌ಹೈಮರ್ ಕರೆದಾಗ ಅವರು ಒಪ್ಪಲಿಲ್ಲ. ಮುನ್ನೂರು ವರ್ಷಗಳ ಭೌತಶಾಸ್ತ್ರದ ಸಾಧನೆ ಕೊನೆಗೆ ಸಾಮೂಹಿಕ ಸಂಹಾರದ ಆಯುಧವಾಗಿ ಮುಗಿಯಬಾರದೆಂಬುದು ಅವರ ಕೊರಗಾಗಿತ್ತು. ಆದರೂ ಸಲಹೆ ಕೇಳಿದಾಗ ಹೋಗಿಬಂದರು. 1945ರ ಜುಲೈ 16ರಂದು ಮರುಭೂಮಿಯಲ್ಲಿ ಮೊದಲ ಬಾಂಬು ಸಿಡಿದುದನ್ನು ಕಣ್ಣಾರೆ ಕಂಡರು. 1949ರಲ್ಲಿ ಜಲಜನಕ ಬಾಂಬಿನ ಪ್ರಶ್ನೆ ಬಂದಾಗ, ಎನ್ರಿಕೊ ಫರ್ಮಿಯವರೊಡನೆ ಕೂಡಿ, ಅದು ಯಾವ ದೃಷ್ಟಿಯಿಂದ ನೋಡಿದರೂ ಕೆಡುಕೇ ಎಂದು ಸರಕಾರಕ್ಕೆ ಬರೆದುಕೊಟ್ಟರು. 1954ರಲ್ಲಿ ಆಪನ್‌ಹೈಮರರ ದೇಶನಿಷ್ಠೆಯನ್ನು ಶಂಕಿಸಿ ವಿಚಾರಣೆ ನಡೆದಾಗ, ಅನೇಕರು ಹಿಂಜರಿದ ಗಳಿಗೆಯಲ್ಲಿ, ಗೆಳೆಯನ ಪರವಾಗಿ ನಿಂತು ಸಾಕ್ಷ್ಯ ನುಡಿದರು.

ರಾಷ್ಟ್ರಗಳು ಕೂಡಿ ವಿಜ್ಞಾನ ಬೆಳೆಸಬೇಕೆಂಬುದು ಅವರ ಹಂಬಲ. 1950ರಲ್ಲಿ ಫ್ಲಾರೆನ್ಸಿನ ಯುನೆಸ್ಕೋ ಸಮ್ಮೇಳನದಲ್ಲಿ ಯೂರೋಪಿನ ದೇಶಗಳು ಕೂಡಿ ಒಂದು ಪ್ರಯೋಗಶಾಲೆಯನ್ನು ಕಟ್ಟಬೇಕೆಂಬ ಸೂಚನೆಯನ್ನು ಮುಂದಿಟ್ಟವರು ಅವರೇ. ಜಿನೀವಾದ ಸರ್ನ್ ಸಂಸ್ಥೆ ಅದರ ಫಲ. 1955ರಲ್ಲಿ ಅದೇ ಜಿನೀವಾದಲ್ಲಿ ಪರಮಾಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆಯ ಸಮ್ಮೇಳನ ನಡೆಯುವಂತೆ ದುಡಿದವರಲ್ಲಿಯೂ ಅವರು ಪ್ರಮುಖರು. ಆ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿ ಬಳಿಕ ಮುಂಬಯಿಯಲ್ಲಿ ನೆಲೆಸಿದ ನಮ್ಮ ಹೋಮಿ ಭಾಭಾ.

ಏರುಪೇರು ಕಂಟಕವಾದ ಬಗೆ

ಇತ್ತ ರಾಬಿಯವರು ಬಿತ್ತಿದ ಬೀಜ ಬೇರೆಯವರ ಕೈಯಲ್ಲಿ ಬೆಳೆಯುತ್ತಿತ್ತು. ಯುದ್ಧ ಮುಗಿದೊಡನೆ, ಅವರ ರೇಡಾರ್ ಪ್ರಯೋಗಶಾಲೆಯಲ್ಲಿಯೇ ದುಡಿದಿದ್ದ ಎಡ್ವರ್ಡ್ ಪರ್ಸೆಲ್ ಹಾರ್ವರ್ಡಿನಲ್ಲಿಯೂ, ಫೆಲಿಕ್ಸ್ ಬ್ಲಾಖ್ ಸ್ಟ್ಯಾನ್‌ಫರ್ಡಿನಲ್ಲಿಯೂ ಬೇರೆ ಬೇರೆಯಾಗಿ ಅನುರಣನವನ್ನು ಗಟ್ಟಿ ಹಾಗೂ ದ್ರವ ಪದಾರ್ಥಗಳಲ್ಲಿ ಕಂಡರು. 1946ರಲ್ಲಿ ಎರಡು ಫಲಿತಾಂಶಗಳೂ ಪ್ರಕಟವಾದವು. ಪರ್ಸೆಲ್ ಬಳಸಿದುದು ಮೇಣ, ಬ್ಲಾಖ್ ಬಳಸಿದುದು ನೀರು. ಇನ್ನು ಧಾರೆಯೂ ಬೇಡ, ಗಾಳಿ ತೆಗೆದ ಪೆಟ್ಟಿಗೆಯೂ ಬೇಡ. ನೀರಿನಲ್ಲಿ ಜಲಜನಕದ ಬೀಜಗಳುಂಟು. ನಮ್ಮ ದೇಹದ ಬಹುಪಾಲು ನೀರೇ.

ಆದರೆ ಹೊಸ ವಿಧಾನಕ್ಕೆ ಏರುಪೇರು ದೊಡ್ಡ ಕಂಟಕವಾಯಿತು. ಇಂದಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಬಲದ ಅಯಸ್ಕಾಂತದಲ್ಲಿ ಜಲಜನಕದ ಬೀಜವು ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು ಸುತ್ತುತ್ತದೆ. ಕ್ಷೇತ್ರದ ಬಲದಲ್ಲಿ ಹತ್ತು ಲಕ್ಷದಲ್ಲೊಂದು ಪಾಲು ವ್ಯತ್ಯಾಸವಿದ್ದರೂ ಪಕ್ಕದ ಎರಡು ಬೀಜಗಳ ನಡುವೆ ಒಂದೇ ಸೆಕೆಂಡಿನಲ್ಲಿ 64 ಸುತ್ತುಗಳ ಅಂತರ ಬೀಳುತ್ತದೆ. ಒಟ್ಟಾಗಿ ಹಾಡುತ್ತಿದ್ದ ಗುಂಪು ಅಪಸ್ವರವಾಗಿ, ಸಂಕೇತ ಕ್ಷಣದಲ್ಲಿ ಅಡಗಿಹೋಗುತ್ತದೆ.

ಇದಕ್ಕೆ ಪರಿಹಾರ ಕಂಡವರು ಎರ್ವಿನ್ ಹಾನ್ ಎಂಬ ತರುಣ. ಅಡಗಿಹೋದ ಸಂಕೇತ ಕೆಲವು ಗಳಿಗೆಯ ನಂತರ ತಾನಾಗಿ ಮತ್ತೆ ಕೇಳಿಬಂದುದನ್ನು ಅವರು ಕಂಡರು. ಮೊದಲು ಯಂತ್ರದ ದೋಷವೆಂದೇ ಭಾವಿಸಿದರು. ಬಳಿಕ ನಿಜ ಹೊಳೆಯಿತು. 1950ರಲ್ಲಿ ಅದನ್ನು ಪ್ರತಿಧ್ವನಿಯೆಂಬ ಹೆಸರಿನಿಂದ ಪ್ರಕಟಿಸಿದರು. ಅದರ ಮರ್ಮ ಇಂತಿದೆ. ನಸುಕಿನಲ್ಲಿ ಹೋಟೆಲಿನ ಬಾಗಿಲಿನಿಂದ ಹತ್ತು ಹುಡುಗರು ಒಂದೇ ಗಳಿಗೆಯಲ್ಲಿ, ಒಂದೇ ದಾರಿಯಲ್ಲಿ, ತಮ್ಮ ತಮ್ಮ ನಡಿಗೆಯಲ್ಲಿ ಹೊರಟರೆನ್ನೋಣ. ಕಾಲು ತಾಸಿನಲ್ಲಿ ಚುರುಕಿನವನು ಬಹಳ ಮುಂದೆ, ನಿಧಾನದವನು ಹಿಂದೆ, ಗುಂಪೆಂಬುದೇ ಇಲ್ಲ. ಆಗ ಒಂದು ಸೀಟಿ ಊದಿ, ಎಲ್ಲರೂ ನಿಂತಲ್ಲಿಂದಲೇ ತಿರುಗಿ ಅದೇ ನಡಿಗೆಯಲ್ಲಿ ಬರಬೇಕೆಂದರೆ, ದೂರ ಹೋದವನು ಬೇಗ ನಡೆಯುತ್ತಾನೆ, ಹತ್ತಿರವಿದ್ದವನು ನಿಧಾನ ನಡೆಯುತ್ತಾನೆ; ಮತ್ತೆ ಕಾಲು ತಾಸಿಗೆ ಹತ್ತೂ ಮಂದಿ ಒಟ್ಟಿಗೇ ಬಾಗಿಲಿನಲ್ಲಿರುತ್ತಾರೆ. ಆ ಸೀಟಿಯೇ ಎರಡನೆಯ ರೇಡಿಯೋ ಹೊಡೆತ. ಕ್ಷೇತ್ರದ ಏರುಪೇರು ಹಾಗೆಯೇ ಇದ್ದರೂ ಅದು ಮಾಡಿದ ಕೇಡು ಅಳಿಸಿಹೋಗುತ್ತದೆ. ಪರ್ಸೆಲ್ ಹಾಗೂ ಅವರ ಶಿಷ್ಯ ಹರ್ಮನ್ ಕಾರ್ 1954ರಲ್ಲಿ ಒಂದರ ಹಿಂದೊಂದು ಪ್ರತಿಧ್ವನಿಗಳನ್ನು ಎಬ್ಬಿಸುವ ಕ್ರಮವನ್ನು ರೂಪಿಸಿದರು. ಬ್ಲಾಖರು ಸೂಚಿಸಿದ ಉಪಾಯ ಬೇರೆ. ಪರೀಕ್ಷೆಯ ನಳಿಗೆಯನ್ನೇ ಗಿರಗಿರನೆ ತಿರುಗಿಸಿದರೆ ಏರೂ ಪೇರೂ ಸರಾಸರಿಯಾಗಿ ಸಮವಾಗುತ್ತದೆ.

ಕಂಟಕವೇ ಸಾಧನವಾಯಿತು

ಕಥೆಯ ಅತ್ಯಂತ ಸೊಗಸಾದ ತಿರುವು ನಡೆದುದು ಒಂದು ಹೋಟೆಲಿನಲ್ಲಿ! 1971ರ ಸೆಪ್ಟೆಂಬರ್ ತಿಂಗಳಲ್ಲಿ ಪಾಲ್ ಲಾಟರ್‌ಬರ್ ಎಂಬ ರಸಾಯನಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಬಳಿಯ ಸಾಮಾನ್ಯ ತಿನಿಸಿನಂಗಡಿಯೊಂದರಲ್ಲಿ ಕುಳಿತು ತಿನ್ನುತ್ತಿರುವಾಗ ಅವರಿಗೆ ಒಂದು ವಿಚಾರ ಹೊಳೆಯಿತು. ಏರುಪೇರನ್ನು ಅಳಿಸಲು ಎಲ್ಲರೂ ಹೆಣಗುತ್ತಿದ್ದಾರೆ. ನಾವೇ ಬೇಕೆಂದು, ಲೆಕ್ಕವಿಟ್ಟು, ಏರುಪೇರನ್ನು ಉಂಟುಮಾಡಿದರೆ? ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ಷೇತ್ರವು ಕ್ರಮವಾಗಿ ಏರುತ್ತಾ ಹೋದರೆ, ಪ್ರತಿ ಜಾಗದ ಬೀಜವೂ ತನ್ನದೇ ಶ್ರುತಿಯಲ್ಲಿ ಮಿಡಿಯುತ್ತದೆ. ನಾಲ್ಕು ಮಹಡಿಯ ಚಾಳಿನಲ್ಲಿ ಮಹಡಿಗೊಂದು ಬೇರೆ ಶ್ರುತಿಯ ಗಂಟೆ ಕಟ್ಟಿದರೆ, ಅಂಗಳದಲ್ಲಿ ಕಣ್ಣುಮುಚ್ಚಿ ನಿಂತವನೂ ಕರೆ ಯಾವ ಮಹಡಿಯದೆಂದು ಹೇಳಬಲ್ಲನಷ್ಟೆ. ಲಾಟರ್‌ಬರ್ ಅಂದೇ ಒಂದು ನೋಟುಪುಸ್ತಕವನ್ನು ಕೊಂಡು ಎಲ್ಲವನ್ನೂ ಬರೆದಿಟ್ಟರು. ಅವರ ಲೇಖನವನ್ನು ನೇಚರ್ ಪತ್ರಿಕೆ ಮೊದಲು ತಿರಸ್ಕರಿಸಿತು. ಬಳಿಕ 1973ರಲ್ಲಿ ಪ್ರಕಟಿಸಿತು. ಅದರಲ್ಲಿದ್ದುದು ನೀರು ತುಂಬಿದ ಎರಡು ಪುಟ್ಟ ನಳಿಗೆಗಳ ಚಿತ್ರ ಮಾತ್ರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಇದೇ ಹಾದಿಯಲ್ಲಿದ್ದು, ಚಿತ್ರವನ್ನು ಅತಿ ವೇಗವಾಗಿ ತೆಗೆಯುವ ಕ್ರಮವನ್ನು ಕಂಡುಹಿಡಿದರು. ಇಬ್ಬರಿಗೂ 2003ರಲ್ಲಿ ನೊಬೆಲ್ ಬಹುಮಾನ ಸಂದಿತು.

ಆಸ್ಪತ್ರೆಯ ಕೊಳವೆಯೊಳಗೆ ಕೇಳುವ ಟಕಟಕ ಸದ್ದಿನ ಗುಟ್ಟೂ ಇದೇ. ಈ ಲೆಕ್ಕದ ಏರುಪೇರನ್ನು ಉಂಟುಮಾಡುವ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಹರಿಸಿ ನಿಲ್ಲಿಸುವಾಗಲೆಲ್ಲ ಅವು ಅದುರಿ ಬಡಿದುಕೊಳ್ಳುತ್ತವೆ. ಬೇಡದ ಏರುಪೇರಿನ ಕಾಟ ಇಂದಿಗೂ ತಪ್ಪಿಲ್ಲ. ಅಯಸ್ಕಾಂತದೊಳಗೆ ಕಬ್ಬಿಣದ ಸಣ್ಣ ಚೂರುಗಳನ್ನು ಆಯಕಟ್ಟಿನಲ್ಲಿ ಇಟ್ಟು, ತಿದ್ದುಸುರುಳಿಗಳಿಗೆ ವಿದ್ಯುತ್ತು ಕೊಟ್ಟು, ಕ್ಷೇತ್ರವನ್ನು ಸಮ ಮಾಡುತ್ತಾರೆ. ಮಲಗಿದ ರೋಗಿಯ ದೇಹವೇ, ಮೂಗಿನ ಸುತ್ತಲಿನ ಟೊಳ್ಳುಗಳಲ್ಲಿರುವ ಗಾಳಿಯೇ, ಅದನ್ನು ಮತ್ತೆ ಕದಡುತ್ತದೆ. ಮುರಿದ ಮೂಳೆಗೆ ಲೋಹದ ಪಟ್ಟಿ ಹಾಕಿಸಿಕೊಂಡವರಲ್ಲಿ ಈ ಕದಡು ಇನ್ನೂ ಹೆಚ್ಚು. ಅಂತಹವರ ಚಿತ್ರ ತೆಗೆಯುವಾಗ ಹಾನರ ಪ್ರತಿಧ್ವನಿಯೇ ಇಂದಿಗೂ ಆಸರೆ. 2020ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ, ರೋಗಿಯ ಮಂಚದ ಬಳಿಗೇ ಉರುಳಿಸಿಕೊಂಡು ಬರಬಹುದಾದ ಸಣ್ಣ ಯಂತ್ರದ ಬಲ ಕೇವಲ 0.064 ಟೆಸ್ಲಾ. ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಂಡು ಚಿತ್ರ ಬಿಡಿಸುವ ವಿದ್ಯೆ ಬೆಳೆದಂತೆಲ್ಲ ಇಂತಹ ಅಗ್ಗದ ಯಂತ್ರಗಳು ಬಡವರ ಆಸ್ಪತ್ರೆಗಳನ್ನೂ ಮುಟ್ಟಬಹುದೆಂಬ ಆಶೆಯಿದೆ.

ಕೊನೆಯ ದಿನಗಳು

1967ರಲ್ಲಿ ರಾಬಿಯವರು ಕೊಲಂಬಿಯಾದಿಂದ ನಿವೃತ್ತರಾದರು. ಅವರ ಜೊತೆಗಾರ ಕುಶ್, ಅವರು ಕೈಹಿಡಿದು ಕರೆತಂದ ಜೂಲಿಯನ್ ಶ್ವಿಂಗರ್, ಮುಂದೆ ಶಿಷ್ಯ ನಾರ್ಮನ್ ರ‍್ಯಾಮ್ಸೆ, ಎಲ್ಲರೂ ನೊಬೆಲ್ ಬಹುಮಾನಕ್ಕೆ ಪಾತ್ರರಾದರು. ಅನುರಣನದಿಂದ ಕಾಲವನ್ನು ಅಳೆಯಬಹುದೆಂಬ ಅವರ 1945ರ ಸೂಚನೆಯೇ ಪರಮಾಣು ಗಡಿಯಾರದ ಮೂಲ.

ವೃದ್ಧಾಪ್ಯದಲ್ಲಿ ಅವರಿಗೆ ಕ್ಯಾನ್ಸರ್ ರೋಗ ತಗಲಿತು. ಮರಣಕ್ಕೆ ಸ್ವಲ್ಪ ಮುಂಚೆ ವೈದ್ಯರು ಅವರನ್ನೂ ಎಂ. ಆರ್. ಐ. ಯಂತ್ರದೊಳಗೆ ಮಲಗಿಸಿದರು. ಅದರ ಒಳಮೈಯ ಹೊಳಪಿನಲ್ಲಿ ಅವರಿಗೆ ತಮ್ಮದೇ ಮುಖ ಸೊಟ್ಟಪಟ್ಟಗಾಗಿ ಕಾಣಿಸಿತು. ತಮ್ಮ ಕೆಲಸ ಕೊನೆಗೆ ಈ ರೂಪ ತಾಳೀತೆಂದು ತಾವೆಂದೂ ಎಣಿಸಿರಲಿಲ್ಲವೆಂದು ಅವರು ಬೆರಗಿನಿಂದ ಹೇಳಿಕೊಂಡರು. 1988ರ ಜನವರಿ 11ರಂದು, 89ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿಯೇ ತೀರಿಕೊಂಡರು.

ಈ ಯಂತ್ರದ ವಿದ್ಯೆಗೆ ಮೊದಲಿದ್ದ ಹೆಸರಿನಲ್ಲಿ ನ್ಯೂಕ್ಲಿಯರ್ ಎಂಬ ಪದವಿತ್ತು. ಬಾಂಬನ್ನು ನೆನೆದು ರೋಗಿಗಳು ಅಂಜುವರೆಂದು ಆಸ್ಪತ್ರೆಗಳು ಅದನ್ನು ಕೈಬಿಟ್ಟವು. ಪರಮಾಣುವಿನ ಅದೇ ಬೀಜ ಮರುಭೂಮಿಯಲ್ಲಿ ಬೆಂಕಿಯಾದುದನ್ನೂ, ಆಸ್ಪತ್ರೆಯಲ್ಲಿ ನೋವಿನ ನೆಲೆ ತೋರುವ ದೀಪವಾದುದನ್ನೂ ರಾಬಿಯವರು ಒಂದೇ ಜನ್ಮದಲ್ಲಿ ಕಂಡರು. ಅವರು ಔಷಧ ಹುಡುಕಲು ಹೊರಟವರಲ್ಲ. ಬೀಜದ ಕಾಂತಶಕ್ತಿ ಎಷ್ಟೆಂಬ ಪ್ರಶ್ನೆಯೊಂದನ್ನು ಕೇಳಿ, ಉತ್ತರ ಸಿಗುವವರೆಗೆ ಬಿಡದೆ ಹಿಡಿದವರು. ಹಗಲು ದುಡಿದು ರಾತ್ರಿ ಶಾಲೆಯ ದೀಪದಡಿಯಲ್ಲಿ ಓದಿದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ; ಅವರ ಮಕ್ಕಳು ಮೊಮ್ಮಕ್ಕಳು ಇಂದು ಶಾಲೆಗೆ ಹೋಗಿಬರುತ್ತಿದ್ದಾರೆ. ಸಂಜೆ ಮನೆಗೆ ಬಂದ ಮಗುವನ್ನು, ಎಷ್ಟು ಅಂಕ ಬಂದಿತೆಂದು ಕೇಳುವ ಮುನ್ನ, ಇಂದು ಯಾವ ಪ್ರಶ್ನೆ ಕೇಳಿದೆಯೆಂದು ಒಮ್ಮೆ ವಿಚಾರಿಸಿದರೆ, ಕಿರಾಣಿ ಅಂಗಡಿಯ ಆ ತಾಯಿಯನ್ನು ಸ್ಮರಿಸಿದಂತಾಗುವುದು.